ದಾಖಲೆಗಳ ಬ್ಯಾಕಪ್ ಯಂತ್ರಕ್ಕೆ ಕೇಬಲ್ ಮತ್ತು ಸ್ವಿಚ್ ಜೋಡಣೆ: ಅಂದಾಜು ಪಟ್ಟಿಗೆ ಒಪ್ಪಿಗೆ ನೀಡುವ ಮುನ್ನ

ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ್ ಸ್ವರಾಜ್ ತಂತ್ರಾಂಶಗಳಲ್ಲಿ ನಮೂದಾಗುವ ಮಾಹಿತಿಯು ಗ್ರಾಮ ಪಂಚಾಯಿತಿಯ ಗಣಕಯಂತ್ರದಲ್ಲಿ ಇರುವುದಿಲ್ಲ. ಅದು ಸರ್ಕಾರದ ಸರ್ವರುಗಳಲ್ಲಿರುತ್ತದೆ. ಅದರ ಪ್ರತಿಯನ್ನು ಕಾಪಾಡುವ ಹೊಣೆಯೂ ಪಂಚಾಯಿತಿಯದಲ್ಲ. ಆದರೆ ಈ ತಂತ್ರಾಂಶಗಳು ಬರುವುದಕ್ಕೂ ಮುಂಚಿನ ತೆರಿಗೆ ಬೇಡಿಕೆ ವಹಿಗಳು, ಸಾಮಾನ್ಯ ಸಭೆ ಹಾಗೂ ಗ್ರಾಮ ಸಭೆಗಳ ನಡವಳಿ ಪುಸ್ತಕಗಳು, ಕಟ್ಟಡ ಪರವಾನಗಿಯ ನಕ್ಷೆಗಳು, ಕಾಮಗಾರಿಗಳ ಛಾಯಾಚಿತ್ರಗಳು, ಇವೆಲ್ಲವೂ ಕಚೇರಿಯ ಕಪಾಟಿನಲ್ಲಿ ಅಥವಾ ಒಂದೇ ಒಂದು ಗಣಕಯಂತ್ರದಲ್ಲಿ ಇರುತ್ತವೆ. ಅಣ್ಣತಮ್ಮಂದಿರ ನಡುವೆ ಮನೆಯ ವ್ಯಾಜ್ಯ ಬಂದಾಗ ಮೂವತ್ತು ವರ್ಷ ಹಿಂದಿನ ಬೇಡಿಕೆ ವಹಿಯ ಒಂದು ಸಾಲು ನಿರ್ಣಾಯಕವಾಗಬಹುದು. ಆ ಸಾಲು ಕಳೆದುಹೋದರೆ ಯಾವ ಸರ್ವರಿನಿಂದಲೂ ಅದನ್ನು ಮರಳಿ ಪಡೆಯಲಾಗದು.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಂತಹ ಮಲೆನಾಡಿನ ಊರುಗಳಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ಮಳೆಗಾಲದ ನಾಲ್ಕು ತಿಂಗಳು ಕಾಗದದಿಂದ ತೇವ ಬಿಡುವುದಿಲ್ಲ; ಗೆದ್ದಲು ಬೇಸಿಗೆಯಲ್ಲೂ ಬಿಡುವು ಕೊಡುವುದಿಲ್ಲ. ಆದ್ದರಿಂದ ವಹಿಗಳನ್ನು ಸ್ಕ್ಯಾನ್ ಮಾಡಿಸಿ, ಕಚೇರಿಯ ಎಲ್ಲ ಗಣಕಯಂತ್ರಗಳ ಕಡತಗಳೊಂದಿಗೆ ಒಂದು ಬ್ಯಾಕಪ್ ಯಂತ್ರದಲ್ಲಿ ಸಂಗ್ರಹಿಸಿಡುವುದು ಯುಕ್ತವಾದ ವೆಚ್ಚವೇ ಆಗಿದೆ. ಎರಡು ಅಥವಾ ನಾಲ್ಕು ಹಾರ್ಡ್ ಡಿಸ್ಕುಗಳುಳ್ಳ, ಸಣ್ಣ ಪೆಟ್ಟಿಗೆಯಷ್ಟು ಗಾತ್ರದ ಈ ಯಂತ್ರವನ್ನು ವ್ಯಾಪಾರಿಗಳು ‘ನ್ಯಾಸ್’ ಎಂದು ಕರೆಯುತ್ತಾರೆ. ದರಪಟ್ಟಿಯಲ್ಲಿ ಯಂತ್ರದ ಬೆಲೆಯೇ ಎದ್ದು ಕಾಣುತ್ತದೆ. ಕೇಬಲ್ ಮತ್ತು ಸ್ವಿಚ್ಚಿನ ಸಾಲುಗಳು ಕೆಳಗೆಲ್ಲೋ ಉಳಿದಿರುತ್ತವೆ. ಯಂತ್ರ ಕೆಲಸಕ್ಕೆ ಬರುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಕೆಳಗಿನ ಸಾಲುಗಳಿಂದಲೇ ನಿರ್ಧಾರವಾಗುತ್ತದೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳುವುದು ಅಗತ್ಯ. ‘ನೆಟ್ ಇಲ್ಲದಿದ್ದರೆ ಬ್ಯಾಕಪ್ ಆಗುವುದಿಲ್ಲ’ ಎಂಬುದು ಸರಿಯಲ್ಲ. 2011ರಲ್ಲಿ ಮಂಜೂರಾಗಿ ನಂತರ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಫೈಬರ್ ತಂತಿಯು ಕಚೇರಿಯನ್ನು ಹೊರಜಗತ್ತಿಗೆ ಸೇರಿಸುತ್ತದೆ. ಕಚೇರಿಯ ಒಳಗಿನ ಗಣಕಯಂತ್ರಗಳನ್ನು ಪರಸ್ಪರ ಸೇರಿಸುವುದು ಸ್ವಿಚ್. ಮರ ಬಿದ್ದೋ, ರಸ್ತೆ ಅಗೆತದಿಂದಲೋ ಫೈಬರ್ ತುಂಡಾದ ದಿನವೂ ಒಳಗಿನ ಜಾಲ ನಡೆಯುತ್ತಲೇ ಇರುತ್ತದೆ, ಬ್ಯಾಕಪ್ ಕೂಡ.

ಸ್ವಿಚ್ಚಿನ ಪೋರ್ಟುಗಳನ್ನು ಎಣಿಸಿಯೇ ಕೊಳ್ಳಬೇಕು. ಐದು ಗಣಕಯಂತ್ರ, ಒಂದು ಮುದ್ರಣ ಯಂತ್ರ, ಬ್ಯಾಕಪ್ ಯಂತ್ರಕ್ಕೆ ಎರಡು ಪೋರ್ಟು, ರೂಟರಿಗೆ ಹೋಗುವ ಒಂದು, ಹೀಗೆ ಒಂಬತ್ತಾಯಿತು. ಎಂಟು ಪೋರ್ಟಿನ ಸ್ವಿಚ್ ಸಾಲದು. ಆಗ ಯಾರೋ ಇನ್ನೊಂದು ಅಗ್ಗದ ಸ್ವಿಚ್ ತಂದು ಮೇಜಿನ ಕೆಳಗೆ ಜೋಡಿಸುತ್ತಾರೆ. ತೊಂದರೆಗಳು ಅಲ್ಲಿಂದಲೇ ಆರಂಭವಾಗುತ್ತವೆ. ಹದಿನಾರು ಪೋರ್ಟಿನದನ್ನೇ ಒಮ್ಮೆಗೆ ಕೊಳ್ಳುವುದು ಮೇಲು.

ವೇಗದ ವಿಷಯದಲ್ಲಿ ‘ಗಿಗಾಬಿಟ್’ ಎಂಬ ಪದವು ಅಂದಾಜು ಪಟ್ಟಿಯಲ್ಲಿ ಸ್ಪಷ್ಟವಾಗಿ ಇರತಕ್ಕದ್ದು. ಹಳೆಯ ಮಾದರಿಯ 100 ಮೆಗಾಬಿಟ್ ಸ್ವಿಚ್ ಸೆಕೆಂಡಿಗೆ ಸುಮಾರು 11 ಮೆಗಾಬೈಟ್‌ಗಳನ್ನು ಸಾಗಿಸುತ್ತದೆ. ಗಿಗಾಬಿಟ್ ಸ್ವಿಚ್ ಸುಮಾರು 110. ಸ್ಕ್ಯಾನ್ ಮಾಡಿದ ವಹಿಗಳು, ಛಾಯಾಚಿತ್ರಗಳು ಸೇರಿ 200 ಗಿಗಾಬೈಟ್ ಇದ್ದಲ್ಲಿ ಮೊದಲನೆಯದರಲ್ಲಿ ಐದು ಗಂಟೆ, ಎರಡನೆಯದರಲ್ಲಿ ಅರ್ಧ ಗಂಟೆ ಬೇಕಾಗುತ್ತದೆ. ಐದು ಗಂಟೆ ಕಾಲ ಅಡಚಣೆಯಿಲ್ಲದೆ ವಿದ್ಯುತ್ ಇರುವ ದಿನವನ್ನು ಮಳೆಗಾಲದಲ್ಲಿ ಹುಡುಕುವುದು ಕಷ್ಟ. ಎರಡನೇ ದಿನದಿಂದ ಬದಲಾದ ಕಡತಗಳು ಮಾತ್ರ ಸಾಗುವುದರಿಂದ ಸಮಯ ಬಹಳ ಕಡಿಮೆಯಾಗುತ್ತದೆ, ನಿಜ. ಆದರೆ ಗಣಕಯಂತ್ರ ಕೆಟ್ಟು ಎಲ್ಲವನ್ನೂ ಮರಳಿ ತುಂಬಬೇಕಾದ ದಿನ ಪುನಃ ಇದೇ ಲೆಕ್ಕ.

ಸ್ವಿಚ್ ಗಿಗಾಬಿಟ್ ಆಗಿದ್ದರೂ ಕೇಬಲ್ ಕಳಪೆಯಾಗಿದ್ದರೆ ಪ್ರಯೋಜನವಿಲ್ಲ. ಕ್ಯಾಟ್-6 ಕೇಬಲಿನೊಳಗೆ ನಾಲ್ಕು ಜೋಡಿ, ಅಂದರೆ ಎಂಟು ಎಳೆಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100 ಮೆಗಾಬಿಟ್‌ಗೆ ಎರಡು ಸಾಕು. ಹೀಗಾಗಿ ಒಂದು ಎಳೆ ಕಡಿದಿದ್ದರೂ ಜಾಲ ನಿಲ್ಲದೆ ಹತ್ತನೇ ಒಂದು ವೇಗದಲ್ಲಿ ಸದ್ದಿಲ್ಲದೆ ನಡೆದುಬಿಡಬಹುದು, ಬಿಲ್ಲೂ ಪಾವತಿಯಾಗಿಬಿಡಬಹುದು. ಬಿಲ್ ಪಾವತಿಗೆ ಮುನ್ನ ಪ್ರತಿ ಗಣಕಯಂತ್ರದಲ್ಲಿ ಸಂಪರ್ಕದ ವೇಗವನ್ನು ತೆರೆದು ನೋಡಬೇಕು. ಅಲ್ಲಿ 1 ಗಿಗಾಬಿಟ್ ಎಂದೇ ಕಾಣಬೇಕು.

ಮಾರುಕಟ್ಟೆಯಲ್ಲಿ ತಾಮ್ರದ ಲೇಪವಷ್ಟೇ ಇದ್ದು ಒಳಗೆ ಅಲ್ಯೂಮಿನಿಯಂ ಇರುವ ಕೇಬಲ್ ಕಡಿಮೆ ಬೆಲೆಗೆ ದೊರೆಯುತ್ತದೆ. ಎಳೆಯ ತುದಿಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುವುದೇ ಅದರ ಗುರುತು. ಬಾಗಿದ ಕಡೆ ಮುರಿಯುವ ಗುಣವೂ ಅದಕ್ಕಿದೆ. ‘ಶುದ್ಧ ತಾಮ್ರ’ ಎಂದು ದರಪಟ್ಟಿಯಲ್ಲೇ ಬರೆಸಿಕೊಳ್ಳಬೇಕು. ಕೇಬಲಿನ ಉದ್ದದ ಮಿತಿ 100 ಮೀಟರ್. ಒಂದೇ ಕಟ್ಟಡದ ಕಚೇರಿಗೆ ಅದು ಸಮಸ್ಯೆಯಲ್ಲ. ಪ್ರತಿ ಮೇಜಿಗೆ ಎರಡು ಕೇಬಲ್, ಸರಾಸರಿ 18 ಮೀಟರಿನಂತೆ ಐದು ಮೇಜಿಗೆ 180 ಮೀಟರ್. ಒಂದು ಡಬ್ಬದಲ್ಲಿ 305 ಮೀಟರ್ ಬರುತ್ತದೆ. ಇಂತಹ ಕಚೇರಿಗೆ ಎರಡು ಡಬ್ಬ ಬರೆದಿದ್ದರೆ ಕಾರಣ ಕೇಳುವ ಹಕ್ಕು ಸದಸ್ಯರಿಗಿದೆ. ಕೇಬಲ್ ಪಿವಿಸಿ ಪೈಪಿನೊಳಗೆ, ವಿದ್ಯುತ್ ತಂತಿಯಿಂದ ಅಂತರದಲ್ಲಿ ಸಾಗಬೇಕು (ಇಲಿಗಳಿಗೆ ಪೈಪಿಲ್ಲದ ಕೇಬಲ್ ಬಹಳ ಪ್ರಿಯ). ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿರಬೇಕು.

ಬ್ಯಾಕಪ್ ಯಂತ್ರದ ಹಿಂಬದಿಯಲ್ಲಿ ಎರಡು ಪೋರ್ಟು ಇದ್ದರೆ ವೇಗ ಇಮ್ಮಡಿಯಾಗುತ್ತದೆಂದು ಹೇಳಲಾಗುತ್ತದೆ. ಒಂದು ಗಣಕಯಂತ್ರದ ಮಟ್ಟಿಗೆ ಅದು ನಿಜವಲ್ಲ. ಹಲವು ಗಣಕಯಂತ್ರಗಳು ಒಟ್ಟಿಗೆ ಕೆಲಸ ಮಾಡುವಾಗ ಮತ್ತು ಒಂದು ಕೇಬಲ್ ಕಡಿದಾಗ ಇನ್ನೊಂದು ಮುಂದುವರಿಸುವುದರಲ್ಲಿ ಅದರ ಲಾಭವಿದೆ. ಅದಕ್ಕೂ ಯಂತ್ರದಲ್ಲಿ, ಕೆಲವು ವಿಧಾನಗಳಿಗೆ ಸ್ವಿಚ್ಚಿನಲ್ಲೂ, ಹೊಂದಾಣಿಕೆ ಮಾಡಿರಬೇಕು. ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಎಂದರೆ, ಒಂದೇ ಕೇಬಲಿನ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸಬಾರದು. ಸಂದೇಶಗಳು ಸುತ್ತಿಗೆ ಬಿದ್ದು ಸಾಮಾನ್ಯ ಸ್ವಿಚ್ಚಿನ ಇಡೀ ಜಾಲ ಸ್ತಬ್ಧವಾಗುತ್ತದೆ. ಕಸ ಗುಡಿಸುವಾಗ ಕಳಚಿದ ಕೇಬಲನ್ನು ಖಾಲಿ ಕಂಡ ಪೋರ್ಟಿಗೆ ಸಿಕ್ಕಿಸಿದಾಗ ಹೀಗಾಗುವುದುಂಟು. ಸ್ವಿಚ್ಚನ್ನು ಬೀಗವಿರುವ, ಗಾಳಿಯಾಡುವ ಪೆಟ್ಟಿಗೆಯಲ್ಲಿಡಲು ಇದೇ ಕಾರಣ.

ಗ್ರಂಥಾಲಯದ ಅರಿವು ಕೇಂದ್ರಕ್ಕೂ ಇದೇ ಸಂಪರ್ಕ ಕೊಡುವಲ್ಲಿ ಎರಡು ವಿಷಯಗಳನ್ನು ನೋಡಬೇಕು. ಅಲ್ಲಿನ ಗಣಕಯಂತ್ರಗಳು ಸಾರ್ವಜನಿಕರವು. ಮಕ್ಕಳು ಪೆನ್ ಡ್ರೈವ್ ತರುತ್ತಾರೆ, ತರಲಿ. ಆದರೆ ಅಲ್ಲಿ ಹೊಕ್ಕ ವೈರಸ್ ಬೇಡಿಕೆ ವಹಿಗಳ ಪ್ರತಿಯನ್ನು ಮುಟ್ಟುವಂತಿರಬಾರದು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ನಡೆದ ದಾಳಿಯಿಂದ ಹಲವು ದಿನ ಅಲ್ಲಿನ ಕೆಲಸ ಕೈಬರಹದಲ್ಲೇ ನಡೆಯಬೇಕಾಯಿತು. ರೂಟರಿನ ಬೇರೊಂದು ಪೋರ್ಟಿಗೆ ಸಿಕ್ಕಿಸಿದ ಮಾತ್ರಕ್ಕೆ ಜಾಲ ಬೇರೆಯಾಗುವುದಿಲ್ಲ. ಒಂದೇ ಸ್ವಿಚ್ಚನ್ನು ಒಳಗೊಳಗೇ ಎರಡು ಜಾಲಗಳಾಗಿ ವಿಭಜಿಸಬಲ್ಲ ‘ಮ್ಯಾನೇಜ್ಡ್’ ಮಾದರಿ ಬೇಕಾಗುತ್ತದೆ. ಅಂತಹ ಕಚೇರಿಯಲ್ಲಿ ಅದಕ್ಕೆ ತಗಲುವ ಹೆಚ್ಚಿನ ಬೆಲೆ ಸಮರ್ಥನೀಯ. ಎರಡನೆಯದು ಸಿಡಿಲು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಎರಡು ಕಟ್ಟಡಗಳ ನಡುವೆ ಎಳೆದ ತಾಮ್ರದ ಕೇಬಲ್ ಸಿಡಿಲಿನ ಆಘಾತವನ್ನು ನೇರವಾಗಿ ಸ್ವಿಚ್ಚಿಗೂ, ಅಲ್ಲಿಂದ ಬ್ಯಾಕಪ್ ಯಂತ್ರಕ್ಕೂ ತಲುಪಿಸಬಲ್ಲದು. ಕಟ್ಟಡದಿಂದ ಕಟ್ಟಡಕ್ಕೆ ಲೋಹದ ಕವಚವಿಲ್ಲದ ಫೈಬರನ್ನೇ ಹಾಕಿಸತಕ್ಕದ್ದು.

ಯುಪಿಎಸ್‌ಗೆ ಬ್ಯಾಕಪ್ ಯಂತ್ರವನ್ನು ಮಾತ್ರ ಜೋಡಿಸಿ ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಬಿಟ್ಟರೆ, ವಿದ್ಯುತ್ ಹೋದ ಕ್ಷಣವೇ ಪ್ರತಿ ಅರ್ಧಕ್ಕೆ ನಿಲ್ಲುತ್ತದೆ. ಎರಡೂ ಒಂದೇ ಯುಪಿಎಸ್‌ನಲ್ಲಿ, ಸರಿಯಾದ ಅರ್ಥಿಂಗ್‌ನೊಂದಿಗೆ ಇರಲಿ.

ಯಂತ್ರದಲ್ಲಿ ಎರಡು ಡಿಸ್ಕುಗಳು ಒಂದರ ಪ್ರತಿಬಿಂಬವಾಗಿ ಇನ್ನೊಂದು ನಡೆಯುವುದು ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆಯೇ ಹೊರತು, ಅಳಿಸಿಹೋದ ಕಡತವನ್ನಲ್ಲ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ. ಆದಕಾರಣ ತಿಂಗಳಿಗೊಮ್ಮೆ ಪ್ರತ್ಯೇಕ ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆದು, ಯಾವ ಕೇಬಲಿಗೂ ಜೋಡಿಸದೆ, ಬೇರೊಂದು ಕಟ್ಟಡದ ಕಪಾಟಿನಲ್ಲಿ ಇಡಬೇಕು. ಆರು ತಿಂಗಳಿಗೊಮ್ಮೆ ಸಾಮಾನ್ಯ ಸಭೆಯ ದಿನ ಸದಸ್ಯರೊಬ್ಬರು ತಮ್ಮ ವಾರ್ಡಿನ ಯಾವುದಾದರೂ ಮನೆಯ ಹಳೆಯ ಬೇಡಿಕೆ ವಹಿಯ ಪುಟವನ್ನು ಆ ಡಿಸ್ಕಿನಿಂದ ತೆಗೆದು ತೋರಿಸುವಂತೆ ಕೇಳಬಹುದು. ಪುಟ ತೆರೆದುಕೊಂಡರೆ ದಿನಾಂಕ ಸಹಿತ ನಡವಳಿಯಲ್ಲಿ ದಾಖಲಿಸುವುದು. ತೆರೆದುಕೊಳ್ಳದಿದ್ದರೆ ಯಾವ ದಿನದ ಪ್ರತಿಯಿಂದ ಅದು ಕಾಣೆಯಾಗಿದೆ ಎಂಬುದನ್ನು ಅಂದೇ ಪತ್ತೆ ಹಚ್ಚುವುದು.