ಎದುರಿಗೆ ಆಡುವ ಮಾತು

ಒಂದೇ ನಂಬಿಕೆಯವರು ತಮ್ಮತಮ್ಮೊಳಗೆ ಭಿನ್ನಾಭಿಪ್ರಾಯ ಬಂದಾಗ ಹೇಗೆ ನಡೆದುಕೊಳ್ಳಬೇಕು ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ. ಹೊರಗಿನವನು ಟೀಕಿಸಿದರೆ ಸಹಿಸುವುದು ಸುಲಭ. ಅವನಿಗೇನು ಗೊತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಪಕ್ಕದ ಬೆಂಚಿನಲ್ಲಿ ಕುಳಿತು ಅದೇ ಕೀರ್ತನೆಯನ್ನು ಹಾಡುವವನು, ಅದೇ ರೊಟ್ಟಿಯಲ್ಲಿ ಪಾಲುಗೊಳ್ಳುವವನು, ‘ನೀವು ಮಾಡಿದ್ದು ತಪ್ಪು’ ಎಂದರೆ ಅದು ಎಲುಬಿಗೇ ತಾಗುತ್ತದೆ. ಕ್ರೈಸ್ತ ಸಭೆಗಳಲ್ಲಿ ಆದ ಒಡಕುಗಳ ಪೈಕಿ ಎಷ್ಟು ಸಿದ್ಧಾಂತದಿಂದ ಆದವು, ಎಷ್ಟು ಮಾತಾಡಿದ ರೀತಿಯಿಂದ ಆದವು ಎಂದು ಲೆಕ್ಕ ಹಾಕುವುದು ಕಷ್ಟ. ಹಾಕಿದರೆ ಎರಡನೆಯ ರಾಶಿಯೇನೂ ಚಿಕ್ಕದಾಗಿರಲಾರದೆಂದು ನನ್ನ ಗುಮಾನಿ. ನಾನು ದೇವಶಾಸ್ತ್ರಜ್ಞನಲ್ಲ, ಬದುಕಿನುದ್ದಕ್ಕೂ ಕನ್ನಡ ಪಾಠ ಹೇಳಿದವನು. ಆದುದರಿಂದ ಉಪದೇಶದ ಗೊಡವೆಗೆ ಹೋಗದೆ ಒಂದು ಹಳೆಯ ಜಗಳದ ಕತೆಯನ್ನೂ, ಆ ಜಗಳದ ಅರ್ಥವೇನೆಂಬ ಬಗ್ಗೆ ಸುಮಾರು ಮುನ್ನೂರೈವತ್ತು ವರ್ಷಗಳ ತರುವಾಯ ನಡೆದ ಇನ್ನೊಂದು ಜಗಳದ ಕತೆಯನ್ನೂ ಹೇಳುತ್ತೇನೆ.

ಮೊದಲನೆಯದು ನಡೆದದ್ದು ಅಂತಿಯೋಕ್ಯದಲ್ಲಿ. ಇಂದು ತುರ್ಕಿ ದೇಶಕ್ಕೆ ಸೇರಿರುವ ಈ ಪಟ್ಟಣದಲ್ಲಿಯೇ ಯೇಸುವಿನ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು. ಅಲ್ಲಿನ ಸಭೆಯಲ್ಲಿ ಯೆಹೂದ್ಯರೂ ಇದ್ದರು, ಅನ್ಯಜನರೂ ಇದ್ದರು. ಇಬ್ಬರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಅಪೊಸ್ತಲರಲ್ಲಿ ಹಿರಿಯನಾದ ಪೇತ್ರನು ಅಲ್ಲಿಗೆ ಬಂದಾಗ ಅವನೂ ಅವರೊಡನೆ ಉಂಡನು. ಕೆಲವು ದಿನ ಕಳೆದ ಮೇಲೆ ಯೆರೂಸಲೇಮಿನಿಂದ, ಯಾಕೋಬನ ಕಡೆಯಿಂದ, ಕೆಲವರು ಬಂದರು. ಅವರು ಏನೆಂದುಕೊಂಡಾರೋ ಎಂಬ ಅಳುಕಿನಿಂದ ಪೇತ್ರನು ಮೆಲ್ಲನೆ ಹಿಂದೆ ಸರಿದು ಬೇರೆ ಕುಳಿತನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು. ಪೌಲನ ನೆಚ್ಚಿನ ಜೊತೆಗಾರನಾದ ಬಾರ್ನಬನೂ ಸರಿದನು. ಇದಕ್ಕೆ ನಮ್ಮ ನಾಡಿನಲ್ಲಿ ಒಂದು ಹೆಸರಿದೆ: ಪಂಕ್ತಿಭೇದ. ಎಡೆಯ ಮುಂದೆ ಕುಳಿತವನನ್ನು ಎಬ್ಬಿಸಿದರೆ, ಅಥವಾ ಅವನ ಪಕ್ಕದಿಂದ ನಾವೇ ಎದ್ದು ಹೋದರೆ, ಅವನ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಪೌಲನು ಎಲ್ಲರ ಸಮಕ್ಷಮದಲ್ಲಿ ಪೇತ್ರನಿಗೆ ಮುಖಾಮುಖಿ ನಿಂತು, ನೀನು ಮಾಡಿದ್ದು ಸರಿಯಲ್ಲವೆಂದು ಹೇಳಿದನು. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಅವನೇ ಇದನ್ನು ತಿಳಿಸುತ್ತಾನೆ. ಪೇತ್ರನು ಏನು ಉತ್ತರ ಕೊಟ್ಟನೆಂಬುದನ್ನು ಮಾತ್ರ ತಿಳಿಸುವುದಿಲ್ಲ.

ಇಲ್ಲಿ ಒಂದು ತೊಡಕು ಬರುತ್ತದೆ. ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಹೇಳಿಕೊಟ್ಟ ಕ್ರಮವೇ ಬೇರೆ. ಸಹೋದರನು ತಪ್ಪು ಮಾಡಿದರೆ ಮೊದಲು ಅವನೊಬ್ಬನನ್ನೇ ಕಂಡು ಹೇಳಬೇಕು; ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು; ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು. ಹಾಗಾದರೆ ಪೌಲನು ಮೊದಲೆರಡು ಮೆಟ್ಟಿಲುಗಳನ್ನು ಹಾರಿ ಮೂರನೆಯದಕ್ಕೇ ಕಾಲಿಟ್ಟನೆ? ನನಗೆ ತೋರುವುದು ಹೀಗೆ. ಮತ್ತಾಯನಲ್ಲಿ ಹೇಳಿರುವುದು ಇಬ್ಬರ ನಡುವಣ ತಪ್ಪು. ಅದನ್ನು ಊರಿಗೆ ಹಬ್ಬಿಸಬಾರದು ಎಂಬುದೇ ಅಲ್ಲಿನ ಕಾಳಜಿ. ಅಂತಿಯೋಕ್ಯದ ತಪ್ಪು ಊಟದ ಪಂಕ್ತಿಯಲ್ಲಿ, ಎಲ್ಲರ ಕಣ್ಣೆದುರಿಗೆ ಆದದ್ದು. ಅವಮಾನಕ್ಕೆ ಗುರಿಯಾದವರು ಅಲ್ಲಿಯೇ ಕುಳಿತಿದ್ದರು. ಪೌಲನು ಪೇತ್ರನನ್ನು ಪಕ್ಕಕ್ಕೆ ಕರೆದು ಪಿಸುಮಾತಿನಲ್ಲಿ ಹೇಳಿ ಮುಗಿಸಿದ್ದರೆ ಆ ಅನ್ಯಜನರ ಪಾಲಿಗೆ ಏನೂ ಆಗದ ಹಾಗೆಯೇ ಇರುತ್ತಿತ್ತು. ಎರಡು ಸಂದರ್ಭಗಳಲ್ಲಿಯೂ ಬದಲಾಗದೆ ಇರುವ ಅಂಶ ಒಂದೇ: ಮಾತು ಮೊದಲು ಮುಟ್ಟಿದ್ದು ತಪ್ಪು ಮಾಡಿದವನನ್ನೇ. ಗಲಾತ್ಯದವರಿಗೆ ಬರೆದದ್ದು ಆಮೇಲೆ.

ಈಗ ಎರಡನೆಯ ಜಗಳ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಬೆತ್ಲೆಹೇಮಿನ ಒಂದು ಮಠದಲ್ಲಿ ಜೆರೋಮನೆಂಬ ಮಹಾಪಂಡಿತನಿದ್ದನು. ಹೀಬ್ರೂ ಮೂಲದಿಂದ ಹಳೆಯ ಒಡಂಬಡಿಕೆಯನ್ನು ಲ್ಯಾಟಿನ್ನಿಗೆ ತಂದವನು ಇವನೇ. ಗಲಾತ್ಯದ ಪತ್ರಿಕೆಗೆ ಇವನು 387ರ ಸುಮಾರಿಗೆ ಬರೆದ ವ್ಯಾಖ್ಯಾನದಲ್ಲಿ, ಪೌಲ ಪೇತ್ರರ ಜಗಳ ನಿಜವಾದ ಜಗಳವಲ್ಲ, ಜನರಿಗೆ ಬುದ್ಧಿ ಕಲಿಸಲು ಇಬ್ಬರೂ ಒಡಂಬಟ್ಟು ಹೂಡಿದ ಆಟ ಎಂದನು. ತಾನು ಹುಡುಗನಾಗಿ ರೋಮಿನಲ್ಲಿ ಓದುತ್ತಿದ್ದಾಗ ನ್ಯಾಯಾಲಯದ ವಾಗ್ಮಿಗಳು ಬದ್ಧವೈರಿಗಳ ಹಾಗೆ ಕಿತ್ತಾಡುವುದನ್ನು ನೋಡಿದ್ದುಂಟೆಂದು ನಿದರ್ಶನವನ್ನೂ ಕೊಟ್ಟನು. ಈ ವಿಚಿತ್ರ ವಾದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಪೊರ್ಫಿರಿಯೆಂಬ ತತ್ತ್ವಜ್ಞಾನಿ, ನಿಮ್ಮ ಮುಖಂಡರೇ ಹೀಗೆ ಕಚ್ಚಾಡಿದರಲ್ಲ ಎಂದು ಕ್ರೈಸ್ತರನ್ನು ಗೇಲಿ ಮಾಡಿದ್ದನು. ಹೊರಗಿನವರು ನಕ್ಕಾರೆಂದು ಒಳಗಿನ ಜಗಳವನ್ನು ಜಗಳವೇ ಅಲ್ಲವೆನ್ನುವ ಚಾಳಿ ಹಳೆಯದು. ಜೆರೋಮನಂಥ ಪಂಡಿತನನ್ನೂ ಅದು ಬಿಡಲಿಲ್ಲ.

ಉತ್ತರ ಆಫ್ರಿಕದ ಹಿಪ್ಪೋ ಎಂಬ ಊರಿನಲ್ಲಿ ಆಗ ಯಾಜಕನಾಗಿದ್ದ ಆಗಸ್ಟೀನನು ಈ ವ್ಯಾಖ್ಯಾನವನ್ನು ಓದಿ ಕಳವಳಗೊಂಡನು. ತಾನು ಸುಳ್ಳಾಡುತ್ತಿಲ್ಲವೆಂದು ದೇವರ ಮುಂದೆ ಹೇಳಿದ ಪೌಲನು ಅದೇ ಪತ್ರಿಕೆಯಲ್ಲಿ ನಾಟಕವನ್ನು ನಿಜವೆಂದು ಬರೆದಿದ್ದರೆ, ಧರ್ಮಗ್ರಂಥದ ಯಾವ ಮಾತನ್ನು ನಂಬುವುದು? ಸುಮಾರು 394 ಅಥವಾ 395ರಲ್ಲಿ ಅವನು ಜೆರೋಮನಿಗೇ ನೇರವಾಗಿ ಒಂದು ಕಾಗದ ಬರೆದನು. ಇಲ್ಲಿಯವರೆಗೆ ಎಲ್ಲವೂ ಕ್ರಮವಾಗಿಯೇ ಇತ್ತು. ಆದರೆ ಆ ಕಾಲದಲ್ಲಿ ಖಾಸಗಿ ಜನಕ್ಕೆ ಅಂಚೆಯಿರಲಿಲ್ಲ. ಆ ಕಡೆಗೆ ಹೊರಟವರ ಕೈಯಲ್ಲಿ ಕಾಗದ ಕೊಡಬೇಕಾಗಿತ್ತು. ಒಯ್ಯಬೇಕಾಗಿದ್ದವನು ಹೊರಡುವ ಮೊದಲೇ ಬಿಷಪನಾಗಿ ನೇಮಕಗೊಂಡು ಊರಲ್ಲಿಯೇ ಉಳಿದನು; ಸ್ವಲ್ಪ ಕಾಲದಲ್ಲಿ ತೀರಿಕೊಂಡನು. ಸುಮಾರು 397ರಲ್ಲಿ ಆಗಸ್ಟೀನನು ಎರಡನೆಯ ಕಾಗದ ಬರೆದನು. ಇದನ್ನು ಒಯ್ಯಬೇಕಾಗಿದ್ದವನು ಸಮುದ್ರಯಾನಕ್ಕೆ ಹೆದರಿ ಹಿಂಜರಿದನು. ಕಾಗದ ಮಾತ್ರ ಹೇಗೋ ಹೊರಟೇಬಿಟ್ಟಿತು. ಬೆತ್ಲೆಹೇಮಿಗೆ ಹೋಗುವ ಬದಲು ಅದು ಇಟಲಿಗೆ ಹೋಯಿತು. ಜನ ಪ್ರತಿ ಮಾಡಿಕೊಂಡರು, ಓದಿ ಚಪ್ಪರಿಸಿದರು. ಸಿಸಿನ್ನಿಯುಸನೆಂಬ ಸಭಾಸೇವಕನಿಗೆ ಏಡ್ರಿಯಾಟಿಕ್ ಸಮುದ್ರದ ಒಂದು ದ್ವೀಪದಲ್ಲಿ ಅದರ ಪ್ರತಿ ಸಿಕ್ಕಿತು. ಆಗಸ್ಟೀನನು ಜೆರೋಮನ ವಿರುದ್ಧ ಗ್ರಂಥವನ್ನೇ ಬರೆದು ರೋಮಿಗೆ ಕಳುಹಿಸಿದ್ದಾನೆಂಬ ಸುದ್ದಿ ಬೆಳೆಯಿತು. ಯಾರನ್ನು ಕುರಿತು ಬರೆದದ್ದೋ ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಓದಿದ ಕಾಗದ ಅದು.

ಕಾಗದದ ಧಾಟಿಯೂ ಅಷ್ಟು ಹದವಾಗಿರಲಿಲ್ಲ ಎನ್ನಬೇಕು. ಹೆಲೆನಳನ್ನು ನಿಂದಿಸಿ ಕಣ್ಣು ಕಳೆದುಕೊಂಡು, ಆ ಮಾತನ್ನು ಹಿಂತೆಗೆದುಕೊಂಡು ಹಾಡಿ ಕಣ್ಣು ಪಡೆದ ಗ್ರೀಕ್ ಕವಿಯ ಕತೆಯನ್ನು ನೆನಪಿಸಿ, ನೀವೂ ಹಾಗೆಯೇ ಹಾಡಬೇಕೆಂದು ಆಗಸ್ಟೀನನು ಕೇಳಿಕೊಂಡಿದ್ದನು. ತನಗಿಂತ ಹಿರಿಯನಾದ ವಿದ್ವಾಂಸನಿಗೆ, ಅದುವರೆಗೆ ಮುಖ ನೋಡದವನಿಗೆ, ಇದು ತೀರ ಚತುರೋಕ್ತಿ. ಬರೆಯುವಾಗ ಬರೆಯುವವನಿಗೆ ಸಂತೋಷ ಕೊಡುವ ವಾಕ್ಯವೇ ಓದುವವನಿಗೆ ಮುಳ್ಳಾಗುತ್ತದೆ.

ನನ್ನದೇ ಒಂದು ಅನುಭವವನ್ನು ಇಲ್ಲಿ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ನಮ್ಮ ಸಭೆಗೆ ಒಬ್ಬ ಸಭಾಪಾಲಕರು ಬಂದಿದ್ದರು. ಸಾಧುಗಳು, ಆದರೆ ಪ್ರಸಂಗದ ಭಾಷೆ ತೀರ ಒರಟು. ಅಲ್ಪಪ್ರಾಣ ಮಹಾಪ್ರಾಣಗಳು ಅವರ ಬಾಯಲ್ಲಿ ಸ್ಥಾನಪಲ್ಲಟ ಮಾಡಿಕೊಳ್ಳುತ್ತಿದ್ದವು. ಕನ್ನಡದ ಮೇಷ್ಟರಾದ ನನಗೆ ತಡೆಯಲಾಗಲಿಲ್ಲ. ದೋಷಗಳನ್ನೆಲ್ಲ ಪಟ್ಟಿ ಮಾಡಿ, ಬಹು ವಿನಯದಿಂದ ನಾಲ್ಕು ಪುಟದ ಪತ್ರ ಬರೆದೆ. ಕಳುಹಿಸುವ ಮೊದಲು ಇಬ್ಬರು ಮಿತ್ರರಿಗೆ ಓದಿ ತೋರಿಸಿದೆ. ಧಾಟಿ ಸರಿಯಾಗಿದೆಯೇ ನೋಡಿ ಎಂಬುದು ನೆಪ. ಅವರು ನಕ್ಕರು, ನನಗೂ ಹಿತವಾಯಿತು. ಪತ್ರ ಸಭಾಪಾಲಕರ ಕೈ ಸೇರುವಷ್ಟರಲ್ಲಿ ಅದರಲ್ಲಿದ್ದದ್ದು ಅವರ ಮನೆಯವರ ಕಿವಿಗೂ ಬಿದ್ದಿತ್ತು. ಅವರು ನನ್ನನ್ನು ಏನೂ ಅನ್ನಲಿಲ್ಲ. ಮುಂದಿನ ಭಾನುವಾರದಿಂದ ಬರೆದುಕೊಂಡು ಬಂದದ್ದನ್ನು ತಲೆ ಎತ್ತದೆ ಓದತೊಡಗಿದರು. ಕಾಗುಣಿತ ಸರಿಯಾಗಿತ್ತು, ಪ್ರಸಂಗದಲ್ಲಿ ಜೀವ ಹೋಗಿತ್ತು. ವರ್ಗವಾಗಿ ಹೋಗುವ ತನಕ ಹಾಗೆಯೇ ನಡೆಯಿತು. ನನ್ನ ಪಟ್ಟಿಯಲ್ಲಿ ಒಂದು ತಪ್ಪೂ ಇರಲಿಲ್ಲ ಎಂಬುದು ನನಗೆ ಈಗ ಸಮಾಧಾನ ಕೊಡುವುದಿಲ್ಲ.

ಜೆರೋಮನು ನಮ್ಮ ಸಭಾಪಾಲಕರಂತೆ ಸುಮ್ಮನಿರುವ ಜೀವವಲ್ಲ. ಕಾಗದದ ಪ್ರತಿ ಕಡೆಗೂ ಕೈಗೆ ಬಂದಾಗ, ಇದರಲ್ಲಿ ನಿಮ್ಮ ಸಹಿಯಿಲ್ಲ, ಇದು ನಿಮ್ಮದೇ ಎಂದು ತಿಳಿಯದೆ ಉತ್ತರ ಕೊಡಲಾರೆ ಎಂದು ಬರೆದನು. ವಿದ್ಯೆಯ ಪ್ರದರ್ಶನ ಬೇಕಿದ್ದರೆ ರೋಮಿನಲ್ಲಿ ತರುಣರು ಬೇಕಾದಷ್ಟಿದ್ದಾರೆ, ಅವರೊಡನೆ ಸೆಣಸಿರಿ ಎಂದನು. ವರ್ಜಿಲನ ಕಾವ್ಯದಲ್ಲಿ ಮುದಿ ಮಲ್ಲನೊಬ್ಬನು ಯುವಕನನ್ನು ಹೊಡೆದುರುಳಿಸಿದ ಪ್ರಸಂಗವನ್ನು ಜ್ಞಾಪಿಸುವುದನ್ನೂ ಬಿಡಲಿಲ್ಲ.

ಈ ನಡುವೆ ಇನ್ನೊಂದು ತಕರಾರು ಸೇರಿಕೊಂಡಿತು. ಇಂದಿನ ಟ್ರಿಪೋಲಿಯಾದ ಓಯಾ ಪಟ್ಟಣದಲ್ಲಿ ಬಿಷಪನೊಬ್ಬನು ಯೋನನ ಗ್ರಂಥವನ್ನು ಜೆರೋಮನ ಹೊಸ ಅನುವಾದದಲ್ಲಿ ಓದಿಸಿದನು. ತಲೆತಲಾಂತರದಿಂದ ಕೇಳಿದ ಒಂದು ಪದ ಬದಲಾಗಿತ್ತೆಂದು ಜನ ಗದ್ದಲವೆಬ್ಬಿಸಿದರು. ಸಭೆಯೇ ಕೈಬಿಟ್ಟು ಹೋಗುವ ಹಾಗಾಯಿತು. ಆಗಸ್ಟೀನನು 403ರಲ್ಲಿ ಇದನ್ನು ಜೆರೋಮನಿಗೆ ಬರೆದು ತಿಳಿಸಿದನು. ಆ ಪದ ಯೋನನಿಗೆ ನೆರಳಾದ ಗಿಡದ ಹೆಸರೇ ಇರಬೇಕೆಂದು ಜೆರೋಮನು ಊಹಿಸಿದನು. ಹಳೆಯ ಪಾಠದಲ್ಲಿ ಅದು ಸೋರೆ ಬಳ್ಳಿ. ಇವನು ಐವಿ ಬಳ್ಳಿಯೆಂದು ಮಾಡಿದ್ದನು. ಮೂಲದಲ್ಲಿರುವುದು ಅಗಲ ಎಲೆಯ, ತನ್ನ ಕಾಂಡದ ಮೇಲೆ ತಾನೇ ನಿಲ್ಲುವ ಗಿಡವೆಂದೂ, ಅದಕ್ಕೆ ಲ್ಯಾಟಿನ್ನಿನಲ್ಲಿ ಹೆಸರೇ ಇಲ್ಲವೆಂದೂ ಅವನೇ ವಿವರಿಸುತ್ತಾನೆ. ಈಗಿನ ವಿದ್ವಾಂಸರಲ್ಲಿ ಅನೇಕರು ಅದನ್ನು ಹರಳು ಗಿಡವೆನ್ನುತ್ತಾರೆ. ಸೋರೆಯೂ ಅಲ್ಲ, ಐವಿಯೂ ಅಲ್ಲ. ನಮ್ಮ ಹಿತ್ತಿಲ ಔಡಲ! ಅನುವಾದಕರ ಕಷ್ಟ ಅನುವಾದಕರಿಗೇ ಗೊತ್ತು.

ಈ ಪತ್ರವ್ಯವಹಾರ ವೈರದಲ್ಲಿ ಮುಗಿಯುವ ಎಲ್ಲ ಲಕ್ಷಣಗಳೂ ಇದ್ದವು. ಕಣ್ಣ ಮುಂದೆಯೇ ಒಂದು ಉದಾಹರಣೆಯೂ ಇತ್ತು. ಜೆರೋಮನೂ ಅವನ ಬಾಲ್ಯದ ಗೆಳೆಯ ರುಫಿನುಸನೂ ಓರಿಗೆನ್ ಎಂಬ ಹಿಂದಿನ ಆಚಾರ್ಯನ ವಿಚಾರದಲ್ಲಿ ಭಿನ್ನಮತರಾಗಿ, ಒಮ್ಮೆ ರಾಜಿಯಾಗಿ, ಮತ್ತೆ ಕೆಡಿಸಿಕೊಂಡು, 401–402ರ ಹೊತ್ತಿಗೆ ಒಬ್ಬರ ಮೇಲೊಬ್ಬರು ಖಂಡನಗ್ರಂಥಗಳನ್ನು ಬರೆದಿದ್ದರು. ರುಫಿನುಸನು ಸತ್ತ ಮೇಲೂ ಜೆರೋಮನು ಅವನನ್ನು ಚೇಳೆಂದು ಕರೆದನು. ಇವರಿಬ್ಬರ ವಿಷಯ ಕೇಳಿದಾಗ ಆಗಸ್ಟೀನನು ಅತ್ತನೆಂದೇ ಹೇಳಬೇಕು; ಇಬ್ಬರನ್ನೂ ಒಂದು ಕಡೆ ಕಂಡರೆ ಕಾಲಿಗೆ ಬಿದ್ದು ಬೇಡುತ್ತಿದ್ದೆನೆಂದು ಅವನು ಜೆರೋಮನಿಗೇ ಬರೆದಿದ್ದಾನೆ.

ತನ್ನ ಜಗಳದಲ್ಲಿ ಆಗಸ್ಟೀನನು ಮಾಡಿದ್ದು ಎರಡು ಕೆಲಸ. ಕಾಗದ ದಾರಿತಪ್ಪಿ ಹೋದದ್ದಕ್ಕೂ ಅದರಿಂದಾದ ನೋವಿಗೂ ಮತ್ತೆ ಮತ್ತೆ ಕ್ಷಮೆ ಕೇಳಿದನು. ಆದರೆ ವಾದವನ್ನು ಹಿಂತೆಗೆದುಕೊಳ್ಳಲಿಲ್ಲ. ಸಾಮಾನ್ಯವಾಗಿ ನಾವು ಇದನ್ನು ಬೆಸೆದುಬಿಡುತ್ತೇವೆ: ಕ್ಷಮೆ ಕೇಳಿದರೆ ವಾದ ಸೋತ ಹಾಗೆ, ವಾದ ಗೆಲ್ಲಬೇಕಾದರೆ ಕ್ಷಮೆ ಕೇಳಬಾರದು ಎಂದು. 405ರ ಸುಮಾರಿಗೆ ಅವನು ಬರೆದ ದೀರ್ಘ ಪತ್ರದಲ್ಲಿ ಎರಡೂ ಬೇರೆ ಬೇರೆಯಾಗಿಯೇ ನಿಲ್ಲುತ್ತವೆ. ಆ ವೇಳೆಗೆ ಅವನು ಬಿಷಪನಾಗಿದ್ದನು, ಜೆರೋಮನು ಬರಿಯ ಯಾಜಕ. ಪದವಿಯಲ್ಲಿ ನಾನು ಮೇಲಾದರೂ ಅನೇಕ ವಿಷಯಗಳಲ್ಲಿ ನಿಮಗಿಂತ ಕೆಳಗಿನವನು, ಕೆಳಗಿನವನಿಂದ ತಿದ್ದಿಸಿಕೊಳ್ಳುವುದಕ್ಕೂ ನಾಚಬಾರದು ಎಂಬುದು ಅಲ್ಲಿನ ಒಂದು ಮಾತಿನ ಭಾವ. ಅಂತಿಯೋಕ್ಯದ ಘಟನೆಯನ್ನೂ ಅವನು ಹೊಸ ಬೆಳಕಿನಲ್ಲಿ ನೋಡುತ್ತಾನೆ. ನಾವೆಲ್ಲ ಅಲ್ಲಿ ಪೌಲನ ಧೈರ್ಯವನ್ನು ಮೆಚ್ಚುತ್ತೇವೆ. ಆಗಸ್ಟೀನನು ಅದಕ್ಕಿಂತ ಅಪರೂಪದ, ಅದಕ್ಕಿಂತ ಪವಿತ್ರವಾದ ನಡತೆ ಪೇತ್ರನದೆನ್ನುತ್ತಾನೆ. ತನಗಿಂತ ತಡವಾಗಿ ಬಂದವನು ಎಲ್ಲರೆದುರಿಗೆ ತಿದ್ದಿದಾಗ ಆ ಹಿರಿಯನು ತಿದ್ದಿಸಿಕೊಂಡನು. ಪತ್ರಿಕೆಯಲ್ಲಿ ಪೇತ್ರನ ಉತ್ತರವಿಲ್ಲವೆಂದು ಆಗಲೇ ಹೇಳಿದೆನಷ್ಟೆ. ಆ ಮೌನದಲ್ಲಿ ಆಗಸ್ಟೀನನಿಗೆ ಕೇಳಿಸಿದ್ದು ಇದು.

ಜೆರೋಮನು ಕೂಡಲೇ ಒಪ್ಪಿದನೆಂದಲ್ಲ. ಹತ್ತು ವರ್ಷ ಕಳೆದವು. 415ರಲ್ಲಿ ಸ್ಪೇನಿನ ತರುಣ ಯಾಜಕ ಓರೋಸಿಯುಸನು ಆಗಸ್ಟೀನನ ಎರಡು ಕಾಗದಗಳನ್ನು ಹಿಡಿದು ಬೆತ್ಲೆಹೇಮಿಗೆ ಬಂದನು. ಈ ಸಲ ಅವು ನೇರವಾಗಿ ಮುಟ್ಟಿದವು. ಅದೇ ವರ್ಷ, ಮನುಷ್ಯನು ಪಾಪವಿಲ್ಲದೆ ಬದುಕಬಲ್ಲನೆಂಬ ಪೆಲಾಗಿಯುಸನ ಪಂಥವನ್ನು ಖಂಡಿಸಿ ಜೆರೋಮನು ಒಂದು ಸಂವಾದವನ್ನು ಬರೆದನು. ಅದರಲ್ಲಿ, ಪೇತ್ರನಂಥವನನ್ನೇ ಪೌಲನು ತಪ್ಪಿತಸ್ಥನೆಂದು ಖಂಡಿಸಿರುವಾಗ ಇನ್ನಾವ ಬಿಷಪನು ತಾನು ನಿರ್ದೋಷಿಯೆಂದು ಹೇಳಿಕೊಂಡಾನು ಎಂಬ ವಾದ ಬರುತ್ತದೆ. ನಾಟಕದ ಮಾತೇ ಇಲ್ಲ. ಆಗಸ್ಟೀನನ ಹೆಸರೂ ಆ ಜಾಗದಲ್ಲಿಲ್ಲ. ಹಿಪ್ಪೋದಲ್ಲಿ ಅದನ್ನು ಓದಿದ ಆಗಸ್ಟೀನನು, ಪೂಜ್ಯ ಸಹೋದರ ಜೆರೋಮರೂ ಈಗ ಇದೇ ಅಭಿಪ್ರಾಯಕ್ಕೆ ಬಂದಿದ್ದಾರೆಂಬ ಅರ್ಥದಲ್ಲಿ ಓಸಿಯಾನುಸನೆಂಬ ಪರಿಚಿತನಿಗೆ ಒಂದು ಕಾಗದದಲ್ಲಿ ಬರೆದನು. ಇವರಿಬ್ಬರೂ ಬದುಕಿನಲ್ಲಿ ಒಂದು ಸಲವೂ ಒಬ್ಬರನ್ನೊಬ್ಬರು ನೋಡಲಿಲ್ಲ.