ಗೋಲಿಗೊಂದು ಲೆಕ್ಕ, ಮನೆಗೊಂದು ಲೆಕ್ಕ

ಮಧ್ಯಾಹ್ನದ ಊಟ ಮುಗಿದ ಮೇಲಿನ ಪೀರಿಯಡ್ಡಿನಲ್ಲಿ ಪಿತ್ತಜನಕಾಂಗದ ಪಾಠ ಮಾಡುವುದು ಯಾವ ಮೇಷ್ಟರಿಗೂ ಬೇಡದ ಕೆಲಸ. ಹುಡುಗರ ರೆಪ್ಪೆಗಳು ಭಾರವಾಗಿರುತ್ತವೆ, ಮೇಷ್ಟರದೂ ಅಷ್ಟೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಮಧ್ಯಾಹ್ನ ತರಗತಿಯನ್ನು ಎಬ್ಬಿಸಲೆಂದು ನಾನು ಜಾರ್ಜ್ ಬೆಸ್ಟ್‌ನ ಕಥೆ ತೆಗೆದೆ. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಆ ಮಹಾನ್ ಆಟಗಾರನ ಹೆಸರಿನಲ್ಲಿ ಒಂದು ಮಾತು ಲೋಕವೆಲ್ಲ ಓಡಾಡುತ್ತದೆ. ಗಳಿಸಿದ್ದರಲ್ಲಿ ಬಹಳಷ್ಟನ್ನು ಕುಡಿತಕ್ಕೆ, ಹೆಣ್ಣಿಗೆ, ವೇಗದ ಕಾರುಗಳಿಗೆ ಖರ್ಚು ಮಾಡಿದೆ, ಉಳಿದದ್ದನ್ನು ಸುಮ್ಮನೆ ಪೋಲು ಮಾಡಿದೆ ಎಂದು. ಹೆಣ್ಣಿನ ಮಾತನ್ನು ನುಂಗಿಕೊಂಡು ಉಳಿದದ್ದನ್ನು ಹೇಳಿದೆ. ತರಗತಿ ಗೊಳ್ಳೆಂದು ನಕ್ಕಿತು. ಪಾಠ ಸಲೀಸಾಗಿ ಮುಂದೆ ಸಾಗಿತು.

ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ನಗಲಿಲ್ಲ. ನಮ್ಮ ಶಾಲೆಯ ತಂಡದಲ್ಲಿ ಎಡ ಅಂಚಿನಲ್ಲಿ ಆಡುತ್ತಿದ್ದ ಹುಡುಗ, ಬೆಸ್ಟ್‌ನ ಹೆಸರು ಕೇಳಿದರೆ ಕಣ್ಣರಳಿಸಬೇಕಾಗಿದ್ದವನು. ಮೂರನೆಯ ದಿನ ಅವನ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಜಗಳಕ್ಕೆ ಬಂದವರಲ್ಲ. "ಸರ್, ನಮ್ಮ ಯಜಮಾನ್ರು ಕುಡೀತಾರೆ. ನೀವು ಕುಡುಕರ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ರಂತೆ. ಇವನು ಎರಡು ದಿನದಿಂದ ಸರಿಯಾಗಿ ಊಟಾನೇ ಮಾಡಿಲ್ಲ" ಎಂದರು. ಏನು ಹೇಳಬೇಕೋ ತೋಚಲಿಲ್ಲ. ಕೂತುಕೊಳ್ಳಿ ಎಂದೆ. ಅವರು ಕೂರಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮೈದಾನದಲ್ಲಿ ದೇವರಂತೆ ಆಡಿ ಮನೆಯಲ್ಲಿ ಬಾಳು ಕೆಡಿಸಿಕೊಂಡವರ ಬಗ್ಗೆ ನಾವು, ಅಂದರೆ ಅಭಿಮಾನಿಗಳು, ಯಾವ ಲೆಕ್ಕದಲ್ಲಿ ತೀರ್ಪು ಕೊಡುತ್ತೇವೆ? ಅವರ ಕಾಯಿಲೆಗೆ ನಗುತ್ತೇವೆ, ಅವರ ಮೋಸಕ್ಕೆ ಚಪ್ಪಾಳೆ ತಟ್ಟುತ್ತೇವೆ, ಅವರಿಂದ ಬೇರೆಯವರಿಗೆ ಆದ ನೋವನ್ನು ಆ ಬೇರೆಯವರ ತಲೆಗೇ ಕಟ್ಟುತ್ತೇವೆ. ನನಗೆ ಹಾಗೆ ಕಾಣುತ್ತದೆ. ನಾನೂ ಆ ಗುಂಪಿನಲ್ಲಿ ಒಬ್ಬ.

ಬೆಸ್ಟ್ ಹುಟ್ಟಿದ್ದು 1946ರಲ್ಲಿ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಹದಿನೇಳನೆಯ ವಯಸ್ಸಿಗೇ ಯುನೈಟೆಡ್ ಪರ ಆಡಿದ. 1968ರಲ್ಲಿ ಆ ತಂಡ ಯುರೋಪಿಯನ್ ಕಪ್ ಗೆದ್ದಾಗ ಫೈನಲ್‌ನಲ್ಲಿ ಗೋಲು ಹೊಡೆದ, ಅದೇ ವರ್ಷ ಯುರೋಪಿನ ಶ್ರೇಷ್ಠ ಆಟಗಾರನೆನಿಸಿದ. 1974ರ ಜನವರಿಯಲ್ಲಿ ಆ ತಂಡದ ಪರ ಕೊನೆಯ ಪಂದ್ಯ ಆಡಿದಾಗ ಅವನಿಗೆ ಇನ್ನೂ 27 ವರ್ಷ. ನಮ್ಮಲ್ಲಿ ಹುಡುಗರು ಕೆಲಸ ಹುಡುಕುವ ವಯಸ್ಸು. ಆಮೇಲೆ ಸಣ್ಣಪುಟ್ಟ ತಂಡಗಳು, ಅಮೆರಿಕ, ಬಾರು, 1984ರಲ್ಲಿ ಜೈಲು. ಅವನ ತಾಯಿ ನಡುವಯಸ್ಸಿನವರೆಗೆ ಹನಿ ಮದ್ಯ ಮುಟ್ಟದಿದ್ದವಳು, ಬಳಿಕ ಅದೇ ಚಟಕ್ಕೆ ಬಿದ್ದು 1978ರಲ್ಲಿ ತೀರಿಕೊಂಡಳು. ಈ ಸಂಗತಿಯನ್ನು ನಾನು ಅಂದು ತರಗತಿಯಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ಪಾಠದಲ್ಲಿ ಹೇಳಬೇಕಾಗಿದ್ದದ್ದು ಇಷ್ಟು. ಕುಡಿದ ಮದ್ಯದ ಬಹುಭಾಗವನ್ನು ಒಡೆಯುವ ಕೆಲಸ ಪಿತ್ತಜನಕಾಂಗದ್ದು. ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಹುಟ್ಟುತ್ತದೆ. ದಿನವೂ ಈ ಹೊರೆ ಬಿದ್ದರೆ ಮೊದಲು ಅಂಗದಲ್ಲಿ ಕೊಬ್ಬು ಸೇರುತ್ತದೆ, ಆಮೇಲೆ ಉರಿಯೂತ, ಕೊನೆಗೆ ಮೆದು ಅಂಗಾಂಶದ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು. ಅದೇ ಸಿರೋಸಿಸ್. ಇನ್ನೊಂದು ಹಾನಿ ಮಿದುಳಿನಲ್ಲಿ. ಹಸಿದಾಗ ಉಂಡರೆ, ಗೋಲು ಹೊಡೆದರೆ ನಮಗೆ ಖುಷಿ ಕೊಡುವ ಡೋಪಮಿನ್ ವ್ಯವಸ್ಥೆಯನ್ನೇ ಮದ್ಯ ವಶಪಡಿಸಿಕೊಳ್ಳುತ್ತದೆ. ಕಾಲಕ್ರಮೇಣ ಕುಡಿತ ಖುಷಿಗಲ್ಲ, ಕುಡಿಯದಿದ್ದರೆ ಆಗುವ ಯಾತನೆ ತಪ್ಪಿಸಿಕೊಳ್ಳುವುದಕ್ಕೆ ಎಂಬಂತಾಗುತ್ತದೆ. ಇದರಲ್ಲಿ ಅನುವಂಶೀಯತೆಯ ಪಾಲೂ ದೊಡ್ಡದು. ಹಾಗೆಂದು ಕುಡುಕನ ಮಗ ಕುಡುಕನೇ ಆಗಬೇಕೆಂಬ ನಿಯಮ ಜೀವಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ. ತಂದೆತಾಯಂದಿರು ಸಿಟ್ಟಿನಲ್ಲಿ ಮಕ್ಕಳಿಗೆ ಆಡುವ "ನೀನೂ ನಿಮ್ಮಪ್ಪನ ಹಾಗೇ ಆಗ್ತೀಯ" ಎಂಬ ಮಾತಿಗೆ ವಿಜ್ಞಾನದ ಬೆಂಬಲವಿಲ್ಲ.

2002ರ ಜುಲೈನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಬೆಸ್ಟ್‌ಗೆ ಬೇರೊಬ್ಬರ ಪಿತ್ತಜನಕಾಂಗ ಜೋಡಿಸಿದರು. ಮುಂದಿನ ವರ್ಷ ಅವನು ಮತ್ತೆ ಕುಡಿಯುತ್ತಿದ್ದ. ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವಾಯಿತು. ಸರದಿಯಲ್ಲಿ ಕಾದು ಸತ್ತವರಿದ್ದಾರೆ, ಇವನಿಗೇಕೆ ಕೊಟ್ಟಿರಿ ಎಂದು ಜನ ಕೇಳಿದರು. ಅಂಗವಿಲ್ಲದೆ ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಯವರು ಈ ಪ್ರಶ್ನೆ ಕೇಳಿದರೆ ಅವರ ಎದುರು ತಲೆತಗ್ಗಿಸಬೇಕು. ಆದರೆ ಕೇಳಿದವರಲ್ಲಿ ಅವನ ಕುಡಿತದ ಕಥೆಗಳನ್ನು ದಶಕಗಳ ಕಾಲ ಚಪ್ಪರಿಸಿ ಓದಿದವರೂ, ಅಚ್ಚುಹಾಕಿ ಕಾಸು ಮಾಡಿಕೊಂಡವರೂ ಇದ್ದರು. 2005ರ ನವೆಂಬರ್ 25ರಂದು, 59ನೆಯ ವಯಸ್ಸಿನಲ್ಲಿ ಅವನು ಸತ್ತ. ಸಾಯುವ ಮೊದಲು ಆಸ್ಪತ್ರೆಯ ಹಾಸಿಗೆಯ ಮೇಲಿನ ತನ್ನ ಹಳದಿಗಟ್ಟಿದ ಮುಖದ ಚಿತ್ರವನ್ನು ಪತ್ರಿಕೆಯಲ್ಲಿ ಹಾಕಿಸಿ, ನನ್ನ ಹಾಗೆ ಸಾಯಬೇಡಿ ಎಂದು ಜನರನ್ನು ಕೇಳಿಕೊಂಡ. ಬೈದ ಜನವೇ ಶವಯಾತ್ರೆಯ ದಾರಿಯಲ್ಲಿ ಮಳೆಯಲ್ಲಿ ನಿಂತು ಹೂ ಎಸೆದರು. ಮರುವರ್ಷ ಬೆಲ್‌ಫಾಸ್ಟ್‌ನ ವಿಮಾನ ನಿಲ್ದಾಣಕ್ಕೆ ಅವನ ಹೆಸರಿಟ್ಟರು.

ಬೊಗ್ಗಿದ ಕಾಲಿನ ಗಾರಿಂಚಾ

ಬೆಸ್ಟ್‌ನ ಕಥೆಯಲ್ಲಿ ನೋವುಂಡವನು ಹೆಚ್ಚಾಗಿ ಅವನೇ. ಬ್ರೆಜಿಲಿನ ಗಾರಿಂಚಾನದು ಹಾಗಲ್ಲ. ರಿಯೊ ಡಿ ಜನೈರೊ ಸೀಮೆಯ ಪಾವ್ ಗ್ರಾಂಡೆ ಎಂಬ ಬಟ್ಟೆಗಿರಣಿಯ ಊರಿನಲ್ಲಿ 1933ರಲ್ಲಿ ಹುಟ್ಟಿದ ಈತನ ಎರಡು ಕಾಲೂ ಸೊಟ್ಟ. ಒಂದು ಒಳಕ್ಕೆ ಬಾಗಿದರೆ ಇನ್ನೊಂದು ಹೊರಕ್ಕೆ, ಉದ್ದವೂ ಒಂದೇ ಸಮ ಇರಲಿಲ್ಲ. ಆ ಕಾಲುಗಳಿಂದಲೇ ಅವನು 1958 ಮತ್ತು 1962ರ ವಿಶ್ವಕಪ್‌ಗಳನ್ನು ಬ್ರೆಜಿಲಿಗೆ ಗೆಲ್ಲಿಸಿಕೊಟ್ಟ. 1962ರಲ್ಲಿ ಚಿಲಿಯಲ್ಲಿ ಎರಡನೆಯ ಪಂದ್ಯಕ್ಕೇ ಪೆಲೆ ಗಾಯಗೊಂಡು ಹೊರಬಿದ್ದಾಗ ಇಂಗ್ಲೆಂಡ್ ವಿರುದ್ಧ ಎರಡು ಗೋಲು, ಸೆಮಿಫೈನಲ್‌ನಲ್ಲಿ ಆತಿಥೇಯ ಚಿಲಿಯ ವಿರುದ್ಧ ಎರಡು. ಪೆಲೆ ಮತ್ತು ಗಾರಿಂಚಾ ಒಟ್ಟಿಗೆ ಆಡಿದ ಒಂದೇ ಒಂದು ಪಂದ್ಯವನ್ನೂ ಬ್ರೆಜಿಲ್ ಸೋತಿಲ್ಲ. ಜನ ಅವನನ್ನು "ಜನರ ಸಂತೋಷ" ಎಂದೇ ಕರೆದರು.

ಊರಿನಲ್ಲಿ ಹೆಂಡತಿ, ಎಂಟು ಹೆಣ್ಣುಮಕ್ಕಳು. ಇವರನ್ನು ಬಿಟ್ಟು ಅವನು ಎಲ್ಜಾ ಸೋರೆಸ್ ಎಂಬ ಪ್ರಸಿದ್ಧ ಸಾಂಬಾ ಗಾಯಕಿಯ ಜೊತೆ ಹೋದ. ಇಲ್ಲಿ ಅಭಿಮಾನಿಗಳ ನ್ಯಾಯ ನೋಡಿ. ಬಿಟ್ಟುಹೋದವನು ಗಾರಿಂಚಾ, ಬೈಗುಳ ತಿಂದವಳು ಎಲ್ಜಾ. ಸಂಸಾರ ಒಡೆದವಳು, ದುಡ್ಡಿಗೆ ಬಂದವಳು ಎಂದು ಜರೆದರು, ಮನೆಯ ಮೇಲೆ ದಾಳಿ ಮಾಡಿದರು. ಕೆಲಕಾಲ ಅವರಿಬ್ಬರೂ ದೇಶವನ್ನೇ ಬಿಟ್ಟು ಇಟಲಿಯಲ್ಲಿ ಇರಬೇಕಾಯಿತು. ಆದರೆ ಗಾರಿಂಚಾನ ಕುಡಿತ ಎಲ್ಜಾ ಬರುವ ಮೊದಲಿನದು, ಅವನ ತಂದೆಯೂ ಅದರಲ್ಲೇ ಮುಳುಗಿದ್ದವನು. ಬಿಡಿಸಲು ಒದ್ದಾಡಿದವಳು ಎಲ್ಜಾ, ಏಟು ತಿಂದವಳೂ ಅವಳೇ. 1969ರಲ್ಲಿ ಗಾರಿಂಚಾ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಅವಳ ತಾಯಿ ಸತ್ತಳು. ಕೊನೆಗೆ ಅವಳೂ ಅವನನ್ನು ಬಿಟ್ಟು ಹೊರಬಂದಳು.

1980ರ ರಿಯೊ ಕಾರ್ನಿವಲ್‌ನಲ್ಲಿ ಗಾರಿಂಚಾನನ್ನು ಅಲಂಕರಿಸಿದ ರಥದ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು. ಸುತ್ತ ಸಾಂಬಾ ಕುಣಿತ, ನಡುವೆ ಮಂಕು ಹಿಡಿದಂತೆ ಅಲುಗಾಡದೆ ಕುಳಿತ ಕಾಯಿಲೆಯ ಮನುಷ್ಯ. ಮೂರು ವರ್ಷಕ್ಕೆ, 1983ರ ಜನವರಿ 20ರಂದು, ಅದೇ ಸಿರೋಸಿಸ್‌ನಿಂದ 49ನೆಯ ವಯಸ್ಸಿನಲ್ಲಿ ಸತ್ತ. ಮರಕಾನಾ ಕ್ರೀಡಾಂಗಣದಿಂದ ಪಾವ್ ಗ್ರಾಂಡೆವರೆಗಿನ ಹಾದಿಯುದ್ದಕ್ಕೂ ಜನ. ಬದುಕಿದ್ದಾಗ ಅವನನ್ನು ಮರೆತಿದ್ದವರೆಲ್ಲ ಅಂದು ಅತ್ತರು. ಎಲ್ಜಾ ಆಮೇಲೂ ದಶಕಗಳ ಕಾಲ ಹಾಡಿದಳು, ಹೆಂಗಸರ ಮೇಲಿನ ಹಿಂಸೆಯ ವಿರುದ್ಧವೂ ಹಾಡಿದಳು. ತೀರಿಕೊಂಡದ್ದು 2022ರಲ್ಲಿ, ಅದೂ ಜನವರಿ 20ರಂದೇ.

ದೇವರ ಕೈ

ನನ್ನ ವಯಸ್ಸಿನವರಿಗೆ ಫುಟ್‌ಬಾಲ್ ಎಂದರೆ 1986. ಊರಿಗೆ ನಾಲ್ಕಾರು ಟಿ.ವಿ. ಇದ್ದ ಕಾಲ. ಮರಡೋನಾ ನಮ್ಮ ಪಾಲಿಗೆ ಒಂದೇ ವಾರದಲ್ಲಿ ದೇವರಾದ. ಜೂನ್ 22ರಂದು ಮೆಕ್ಸಿಕೊ ನಗರದಲ್ಲಿ ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್. 51ನೆಯ ನಿಮಿಷದಲ್ಲಿ ಕೈಯಿಂದ ತಟ್ಟಿ ಗೋಲು ಹೊಡೆದ, ರೆಫರಿಗೆ ಕಾಣಲಿಲ್ಲ. ನಾಲ್ಕು ನಿಮಿಷಕ್ಕೆ ತನ್ನ ಅರ್ಧದಿಂದಲೇ ಚೆಂಡು ಹಿಡಿದು ಹೊರಟು, ಅಡ್ಡಬಂದವರನ್ನೆಲ್ಲ ದಾಟಿ, ಗೋಲಿ ಶಿಲ್ಟನ್‌ನನ್ನೂ ಸುತ್ತಿ ಎರಡನೆಯದನ್ನು ಹೊಡೆದ. ಎರಡನೆಯದು ಶತಮಾನದ ಗೋಲು ಎನಿಸಿತು. ಮೊದಲನೆಯದು ಸ್ವಲ್ಪ ಮರಡೋನಾನ ತಲೆ, ಸ್ವಲ್ಪ ದೇವರ ಕೈ ಎಂದು ಅವನೇ ಹೇಳಿದ. ನಾಲ್ಕು ವರ್ಷ ಹಿಂದಷ್ಟೇ ಬ್ರಿಟನ್ ಜೊತೆಗಿನ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡಿದ್ದ ಅರ್ಜೆಂಟೀನಾಕ್ಕೆ ಅದು ಮೋಸವಾಗಿ ಕಾಣಲಿಲ್ಲ. ಶಿಲ್ಟನ್ ಮಾತ್ರ ಎಂದೂ ಕ್ಷಮಿಸಲಿಲ್ಲ. ನಮ್ಮ ಓಣಿಯ ಹುಡುಗರು ಕೆಲವು ತಿಂಗಳು ಕೈಯಲ್ಲೇ ಗೋಲು ಹೊಡೆದು ದೇವರ ಮೇಲೆ ಹಾಕುತ್ತಿದ್ದರು. ನಾನೂ ಹೊಡೆದಿದ್ದೇನೆ.

ಆಗ ಅವನು ಆಡುತ್ತಿದ್ದದ್ದು ಇಟಲಿಯ ನೇಪಲ್ಸ್ ನಗರದ ನಾಪೊಲಿ ತಂಡಕ್ಕೆ. ಶ್ರೀಮಂತ ಉತ್ತರದವರು ಸದಾ ಹೀಯಾಳಿಸುತ್ತಿದ್ದ ಆ ದಕ್ಷಿಣದ ಊರಿಗೆ 1987ರಲ್ಲಿ ಮೊದಲ ಬಾರಿ ಲೀಗ್ ಪ್ರಶಸ್ತಿ ತಂದುಕೊಟ್ಟ, 1990ರಲ್ಲಿ ಮತ್ತೊಮ್ಮೆ. ಕೊಕೇನ್ ಚಟ ಅದಕ್ಕೂ ಮುಂಚೆ, ಬಾರ್ಸಿಲೋನಾದಲ್ಲೇ ಅಂಟಿತ್ತೆಂದು ಅವನೇ ಮುಂದೆ ಒಪ್ಪಿಕೊಂಡ. ಗೆಲ್ಲುತ್ತಿದ್ದಷ್ಟು ದಿನ ಅದು ಯಾರಿಗೂ ದೊಡ್ಡ ವಿಷಯವಾಗಲಿಲ್ಲ. 1990ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಅದೇ ನೇಪಲ್ಸ್‌ನಲ್ಲಿ, ಅವನ ಅರ್ಜೆಂಟೀನಾ ಇಟಲಿಯನ್ನು ಸೋಲಿಸಿತು. ರೋಮ್‌ನಲ್ಲಿ ನಡೆದ ಫೈನಲ್‌ನಲ್ಲಿ ಪ್ರೇಕ್ಷಕರು ಅರ್ಜೆಂಟೀನಾದ ರಾಷ್ಟ್ರಗೀತೆಗೇ ಸಿಳ್ಳೆ ಹಾಕಿದರು. 1991ರ ಮಾರ್ಚ್‌ನಲ್ಲಿ ಕೊಕೇನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 15 ತಿಂಗಳ ನಿಷೇಧಕ್ಕೊಳಗಾದ. ದೇಶಕ್ಕೆ ದೇಶವೇ ಅವನ ಚಟವನ್ನು ಆಗ ಕಂಡುಹಿಡಿಯಿತು! 1994ರ ವಿಶ್ವಕಪ್‌ನಿಂದಲೂ ಉದ್ದೀಪನ ಮದ್ದಿನ ಕಾರಣಕ್ಕೆ ಹೊರಹಾಕಿದರು.

ಅದೇ ಊರಿನಲ್ಲಿ 1986ರಲ್ಲೇ ಇನ್ನೊಂದು ಘಟನೆ ನಡೆಯಿತು. ಅಲ್ಲಿನ ತರುಣಿಯೊಬ್ಬಳಿಗೆ ಅವನಿಂದ ಮಗು ಹುಟ್ಟಿತು. ಮರಡೋನಾ ಒಪ್ಪಲಿಲ್ಲ, ರಕ್ತಪರೀಕ್ಷೆಗೂ ಬರಲಿಲ್ಲ. ನ್ಯಾಯಾಲಯವೇ ಅವನನ್ನು ತಂದೆಯೆಂದು ಸಾರಿತು. ಆ ಹುಡುಗ ಬೆಳೆದದ್ದು ಗೋಡೆಗೋಡೆಯಲ್ಲೂ ತನ್ನ ತಂದೆಯ ಚಿತ್ರವಿದ್ದ ಊರಿನಲ್ಲಿ. ತಂದೆ ಮಗನೆಂದು ಒಪ್ಪಿಕೊಂಡದ್ದು 2016ರಲ್ಲಿ. ಮೂವತ್ತು ವರ್ಷ! ಕೊಕೇನ್ ಕಾಯಿಲೆಯೆಂದು ನಾನು ಒಪ್ಪುತ್ತೇನೆ. ಆದರೆ ಈ ಮೂವತ್ತು ವರ್ಷವನ್ನು ಕಾಯಿಲೆಯ ಖಾತೆಗೆ ಬರೆಯಲು ನನ್ನ ಕೈ ಬರುವುದಿಲ್ಲ.

2001ರಲ್ಲಿ ವಿದಾಯದ ಪಂದ್ಯದ ದಿನ ಬ್ಯೂನಸ್ ಐರಿಸ್‌ನಲ್ಲಿ ಮೈಕ್ ಹಿಡಿದು ಅವನು, ನಾನು ತಪ್ಪು ಮಾಡಿದೆ, ಬೆಲೆ ತೆತ್ತೆ, ಆದರೆ ಚೆಂಡಿಗೆ ಕಳಂಕ ತಟ್ಟುವುದಿಲ್ಲ ಎಂದ. ಕೇಳಿದವರು ಅತ್ತರು. ಟಿ.ವಿ.ಯಲ್ಲಿ ಅದನ್ನು ಕಂಡಾಗ ನನ್ನ ಕಣ್ಣೂ ಒದ್ದೆಯಾಗಿತ್ತು. 2012ರಲ್ಲಿ ಅವನು ನಮ್ಮ ಮಂಗಳೂರಿನಿಂದ ಹೆಚ್ಚು ದೂರವಿಲ್ಲದ ಕಣ್ಣೂರಿಗೆ ಬಂದಾಗ ಕ್ರೀಡಾಂಗಣ ಕಿಕ್ಕಿರಿದಿತ್ತು. ಬೆಲೆ ತೆತ್ತವರು ಇನ್ನೂ ಯಾರು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮರಡೋನಾ ತೀರಿಕೊಂಡದ್ದು 2020ರಲ್ಲಿ, ಬೆಸ್ಟ್ ಸತ್ತ ತಾರೀಖಿನಂದೇ, ನವೆಂಬರ್ 25ರಂದು. ಹೆಂಗಸರ ಮೇಲಿನ ಹಿಂಸೆಯನ್ನು ತೊಲಗಿಸಲೆಂದು ವಿಶ್ವಸಂಸ್ಥೆ ಗೊತ್ತುಮಾಡಿದ ದಿನವೂ ಅದೇ. ಮೂರು ದಿನ ಕಳೆದು ಸ್ಪೇನಿನ ಒಂದು ಮಹಿಳಾ ಪಂದ್ಯದಲ್ಲಿ ಅವನಿಗಾಗಿ ಒಂದು ನಿಮಿಷದ ಮೌನ. ಎಲ್ಲರೂ ಸಾಲಾಗಿ ನಿಂತಿದ್ದಾಗ ಪೌಲಾ ದಾಪೇನಾ ಎಂಬ 24ರ ಆಟಗಾರ್ತಿ ಬೆನ್ನು ತಿರುಗಿಸಿ ನೆಲದ ಮೇಲೆ ಕುಳಿತಳು. ಏಟು ತಿಂದ ಹೆಂಗಸರಿಗೆ ಆ ದಿನ ಒಂದು ನಿಮಿಷದ ಮೌನವಿರಲಿಲ್ಲ, ಹಾಗಿರುವಾಗ ಹಿಂಸೆಯ ಆರೋಪ ಹೊತ್ತವನಿಗೆ ನಾನು ನಿಲ್ಲಲಾರೆ ಎಂಬುದು ಅವಳ ವಾದ. ಸಂಗಾತಿಗೆ ಹೊಡೆದನೆಂಬ ಆರೋಪವನ್ನು ಮರಡೋನಾ ಅಲ್ಲಗಳೆದಿದ್ದ. ಅದೇನೇ ಇರಲಿ, ಅವಳಿಗೆ ಕೊಲೆ ಬೆದರಿಕೆಗಳು ಬಂದವು. ಎಲ್ಜಾಳ ಮನೆಯ ಮೇಲೆ ದಾಳಿ ನಡೆದು ಅಷ್ಟು ಹೊತ್ತಿಗೆ ಅರ್ಧ ಶತಮಾನವೇ ಆಗಿತ್ತು.

ಎಲ್ಲರ ಕಥೆಯೂ ಹೀಗೇ ಮುಗಿಯುವುದಿಲ್ಲ. ಆರ್ಸೆನಲ್ ಮತ್ತು ಇಂಗ್ಲೆಂಡ್ ನಾಯಕ ಟೋನಿ ಆಡಮ್ಸ್ 1990ರಲ್ಲಿ ಕುಡಿದು ಕಾರು ಓಡಿಸಿ ಜೈಲಿಗೆ ಹೋದವನು. 1996ರಲ್ಲಿ, ನಾನು ಮದ್ಯವ್ಯಸನಿ ಎಂದು ಎಲ್ಲರೆದುರು ಹೇಳಿ ಚಿಕಿತ್ಸೆ ಪಡೆದ. ಆಮೇಲೂ ನಾಯಕನಾಗಿ 1998 ಮತ್ತು 2002ರಲ್ಲಿ ಲೀಗ್ ಗೆದ್ದ. 2000ದಲ್ಲಿ ತನ್ನಂಥ ಕ್ರೀಡಾಪಟುಗಳಿಗಾಗಿ ಒಂದು ಚಿಕಿತ್ಸಾ ಸಂಸ್ಥೆಯನ್ನೇ ಕಟ್ಟಿದ. ನಗಿಸುವ ಮಾತು ಯಾವುದೂ ಅವನ ಹೆಸರಿನಲ್ಲಿ ಓಡಾಡುವುದಿಲ್ಲವಾದ್ದರಿಂದ ಅಂದು ತರಗತಿಯಲ್ಲಿ ನನಗೆ ಅವನ ನೆನಪಾಗಲಿಲ್ಲ.

ತಾಯಿ ಬಂದುಹೋದ ಮರುದಿನ ನಾನು ಅದೇ ಪಾಠವನ್ನು ಮತ್ತೆ ಮಾಡಿದೆ. ಹಿಂದಿನ ಸಲ ನಗಿಸಬಾರದ ಕಡೆ ನಗಿಸಿದೆ ಎಂದು ಮೊದಲೇ ಹೇಳಿದೆ, ಯಾರ ಹೆಸರನ್ನೂ ಎತ್ತಲಿಲ್ಲ. ಬೆಸ್ಟ್‌ನ ತಾಯಿಯ ಸಂಗತಿ ಹೇಳಿದೆ, ಆಡಮ್ಸ್‌ನ ಕಥೆಯನ್ನೂ ಹೇಳಿದೆ. ಗಂಟೆ ಹೊಡೆದ ಮೇಲೆ ಎಲ್ಲರೂ ಹೋದರು, ಆ ಹುಡುಗ ಬಾಗಿಲ ಬಳಿ ನಿಂತ.

"ಸರ್, ಈಗ ಬಿಟ್ರೆ ಲಿವರ್ ಸರಿ ಹೋಗುತ್ತಾ?"

ಕೊಬ್ಬು ಸೇರಿದ ಹಂತವಾದರೆ ಬಹುಪಾಲು ಸರಿಹೋಗುತ್ತದೆ, ನಾರುಗಟ್ಟಿದ್ದರೆ ಪೂರ್ತಿ ಹೋಗುವುದಿಲ್ಲ, ಆದರೂ ಬಿಟ್ಟರೆ ಉಳಿದದ್ದು ಉಳಿಯುತ್ತದೆ ಎಂದೆ. ಎಷ್ಟೋ ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ಅದಕ್ಕೇ ಮನೆಯಲ್ಲಿ ಕೂಡಿಹಾಕುವುದಲ್ಲ, ಡಾಕ್ಟರ ಕಣ್ಣೆದುರೇ ಬಿಡಿಸಬೇಕು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವಿಭಾಗವಿದೆ ಎಂದೂ ಹೇಳಿದೆ. ಹುಡುಗ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು, ನಿಮ್ಹಾನ್ಸ್‌ಗೆ ಯಾವ ಬಸ್ಸು ಹೋಗುತ್ತದೆ ಸರ್ ಎಂದು ಕೇಳಿದ.