ಇಲಿ ಕಾಟಕ್ಕೆ ಪಾಷಾಣವೇ ಬೇಕೆ?

ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಅಟ್ಟದಲ್ಲಿ ಕಟಕಟ ಸದ್ದು ಕೇಳದ ಮನೆ ನಮ್ಮ ತಿಪಟೂರು ಸೀಮೆಯಲ್ಲಿ ಅಪರೂಪ. ಕೊಬ್ಬರಿಗೆಂದು ತಿಂಗಳುಗಟ್ಟಲೆ ತೆಂಗಿನಕಾಯಿಯನ್ನು ಅಟ್ಟದಲ್ಲಿ ತುಂಬಿಡುವವರು ನಾವು. ಇಲಿಗಳಿಗೆ ಇದಕ್ಕಿಂತ ಒಳ್ಳೆಯ ಛತ್ರ ಬೇಕೇ? "ಗಣಪನ ವಾಹನ, ಇರಲಿ ಬಿಡಮ್ಮ" ಅಂತ ನಮ್ಮ ಅತ್ತೆ ಬಹಳ ದಿನ ಸುಮ್ಮನಿದ್ದರು. ಮರದ ಪೆಟ್ಟಿಗೆಯಲ್ಲಿದ್ದ ಅವರ ಮದುವೆಯ ಸೀರೆಯ ಸೆರಗು ಚೂರುಚೂರಾದ ದಿನ ಮಾತ್ರ ಅವರೇ "ಅಂಗಡಿಯಿಂದ ಪಾಷಾಣ ತರಿಸು" ಅಂದರು.

ತರಿಸಿದೆ. ಬೋಂಡದಲ್ಲಿ ಸೇರಿಸಿ ಅಕ್ಕಿ ಮೂಟೆಯ ಹಿಂದೆ ಇಟ್ಟು ಮಲಗಿದೆ. ರಾತ್ರಿ ಇಲಿಯೇ ಅದನ್ನು ನಡುಮನೆಗೆ ಎಳೆದು ತಂದಿರಬೇಕು. ಬೆಳಗ್ಗೆ ಕಾಫಿ ಸೋಸುತ್ತಿದ್ದೆ, ಮೈದುನನ ಮೂರು ವರ್ಷದ ಮಗಳು "ದೊಡ್ಡಮ್ಮಾ, ಬೋಂಡ" ಎನ್ನುತ್ತಾ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದಳು. ಕಿತ್ತುಕೊಂಡು, ಕೈ ಬಾಯಿ ತೊಳೆದು, ಪಾಷಾಣದ ಪೊಟ್ಟಣ ಸಮೇತ ಆಸ್ಪತ್ರೆಗೆ ಓಡಿದೆವು. ಪುಣ್ಯಕ್ಕೆ ಬಾಯಿಗೆ ಇಟ್ಟಿರಲಿಲ್ಲ. ಸಂಜೆಯ ತನಕ ಇಟ್ಟುಕೊಂಡು ನೋಡಿ ಮನೆಗೆ ಕಳಿಸಿದರು. ನನ್ನ ಓರಗಿತ್ತಿ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆ ಬೂದು ಪುಡಿಯ ಹೆಸರು ಝಿಂಕ್ ಫಾಸ್ಫೈಡ್. ಹೊಟ್ಟೆಗೆ ಹೋದರೆ ವಿಷದ ಅನಿಲವಾಗುತ್ತದೆ. ಇದಕ್ಕೆ ಪ್ರತಿ ಔಷಧ ಇಲ್ಲ. ಟ್ಯೂಬಿನಲ್ಲಿ ಬರುತ್ತಿದ್ದ ಹಳದಿ ರಂಜಕದ ಪೇಸ್ಟಂತೂ ಇನ್ನೂ ಮೋಸಗಾರ. ತಿಂದವರು ಮೊದಲ ದಿನ ಚೆನ್ನಾಗಿಯೇ ಕಾಣುತ್ತಾರೆ, ಎರಡು ಮೂರು ದಿನಕ್ಕೆ ಯಕೃತ್ತು ಕೆಡುತ್ತದೆ. ಹಲ್ಲಿನ ಪೇಸ್ಟೆಂದು ತಿಳಿದು ಮಕ್ಕಳು ಬಾಯಿಗಿಟ್ಟದ್ದೂ ಉಂಟು. ಯಾವ ಪಾಷಾಣವೇ ಆಗಲಿ, ಮಗು ತಿಂದಿರಬಹುದೆಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಹಾಲು ತುಪ್ಪ ಕೊಡಬೇಡಿ. ಪೊಟ್ಟಣ ಹಿಡಿದು ನೇರ ಆಸ್ಪತ್ರೆಗೆ ಹೋಗಿ, ಮಗು ಆಡುತ್ತಿದ್ದರೂ ಸರಿಯೇ.

ಅಲ್ಲದೆ ಇಲಿಯೇನು ದಡ್ಡ ಪ್ರಾಣಿಯೇ? ಹೊಸ ತಿಂಡಿಯನ್ನು ಮೊದಲು ಚೂರೇ ಚೂರು ರುಚಿ ನೋಡುತ್ತದೆ. ಹೊಟ್ಟೆ ಕೆಟ್ಟು ಬದುಕಿಕೊಂಡರೆ ಮತ್ತೆ ಅದರ ಹತ್ತಿರ ಸುಳಿಯದು. ಸತ್ತರೂ ಗೋಡೆ ಸಂದಿಯಲ್ಲಿ ಸತ್ತು ವಾರಗಟ್ಟಲೆ ನಾರುತ್ತದೆ. ಅದನ್ನು ತಿಂದ ಬೆಕ್ಕಿನ ಗತಿ ಬೇರೆ.

ಅಂದಿನಿಂದ ನಮ್ಮ ಮನೆಗೆ ಪಾಷಾಣ ಬಂದಿಲ್ಲ. ಈಗ ಮೊದಲು ನೋಡುವುದು, ಬಂದಿರುವುದು ಯಾರು ಅಂತ. ಹಿಕ್ಕೆಯೇ ಹೇಳುತ್ತದೆ. ಅಕ್ಕಿಕಾಳಿಗಿಂತ ಸಣ್ಣದಾದರೆ ಚಿಟ್ಟಿಲಿ. ಅರ್ಧ ಅಂಗುಲ ಉದ್ದ, ತುದಿ ಚೂಪಾಗಿದ್ದರೆ ಅಟ್ಟದ ಇಲಿ. ಇದರ ಬಾಲ ಮೈಗಿಂತ ಉದ್ದ, ತೆಂಗಿನ ಮರವನ್ನೂ ಹತ್ತುತ್ತದೆ. ಹಿತ್ತಿಲಲ್ಲಿ ಬಿಲದ ಬಾಯಿಗೆ ಮಣ್ಣು ಗುಡ್ಡೆ ಹಾಕಿದ್ದರೆ ಅದು ಹೆಗ್ಗಣ. ಉದ್ದ ಮೂತಿಯ, ನಾತದ, ಗೋಡೆಯಂಚಿನಲ್ಲಿ ಚಿಕ್‌ಚಿಕ್ ಎಂದು ಓಡುವುದನ್ನು ನಮ್ಮ ಕಡೆ ಸುಂಡಿಲಿ ಅನ್ನುತ್ತಾರೆ. ಅದು ಇಲಿಯ ಜಾತಿಯೇ ಅಲ್ಲ, ಜಿರಳೆ ಹುಳ ತಿನ್ನುತ್ತದೆ. ಪಾಪ, ಅದನ್ನು ಹೊಡೆಯಬೇಡಿ.

ಓಡಾಡುವ ದಾರಿ ಗೊತ್ತಾಗಬೇಕೆ? ರಾತ್ರಿ ಗೋಡೆಯಂಚಿಗೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿ, ಬೆಳಗ್ಗೆ ಹೆಜ್ಜೆ ಗುರುತು ಸಿಗುತ್ತದೆ. ತೂತುಗಳಿಗೆ ಸಂಜೆ ಕಾಗದದ ಉಂಡೆ ತುರುಕಿ. ಬೆಳಗ್ಗೆ ಹೊರಗೆ ಬಿದ್ದಿದ್ದರೆ ಅದೇ ಬಾಗಿಲು.

ಬರೀ ಮಣ್ಣು ಮೆತ್ತಿದರೆ ಒಂದೇ ರಾತ್ರಿಗೆ ಕೆರೆದು ಹಾಕುತ್ತವೆ. ಇಲಿಯ ಮುಂದಿನ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅದಕ್ಕೆ ಗತಿಯಿಲ್ಲ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ತೂತಿಗೆ ಒತ್ತಿ ತುಂಬಿ, ಮೇಲೆ ಸಿಮೆಂಟ್ ಹಾಕಿಸಿ. ಪೆನ್ಸಿಲ್ ತೂರುವಷ್ಟು ಸಂದಿ ಚಿಟ್ಟಿಲಿಗೆ ಸಾಕು. ಬಚ್ಚಲ ಮೋರಿಗೆ ಕಬ್ಬಿಣದ ಜಾಲರಿ ಹಾಕಿಸಿ. ಹೆಂಚಿಗೂ ಗೋಡೆಗೂ ನಡುವಿನ ಸಂದಿಗೂ ಜಾಲರಿ ಬೇಕು. ನಾವು ಮನೆಗೆ ತಾಗುತ್ತಿದ್ದ ತೆಂಗಿನ ಗರಿ ಕಡಿಸಿ, ಬುಡದಿಂದ ಆಳೆತ್ತರದಲ್ಲಿ ಮರದ ಸುತ್ತ ಒಂದೂವರೆ ಅಡಿ ಅಗಲದ ನುಣುಪು ತಗಡು ಕಟ್ಟಿಸಿದೆವು. ಉಗುರು ಜಾರಿ ಇಲಿ ಮೇಲೆ ಹತ್ತಲಾರದು.

ಒಳಗೆ ಉಳಿದವಕ್ಕೆ ಬೋನು. ಬೋನು ತಂದ ದಿನವೇ ಇಟ್ಟು "ಬೀಳಲೇ ಇಲ್ಲ" ಅಂತ ಬೈಯುವವರೇ ಹೆಚ್ಚು. ಹೊಸ ವಸ್ತು ಕಂಡರೆ ಇಲಿಗೆ ಅನುಮಾನ. ಮೂರು ನಾಲ್ಕು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ ಒಳಗೆ ಕೊಬ್ಬರಿ ಚೂರು ಇಡಿ, ತಿಂದು ಹೋಗಲಿ. ಐದನೆಯ ರಾತ್ರಿ ಕಟ್ಟು ಬಿಚ್ಚಿ. ಬೋನು ಇಡುವ ಜಾಗ ಗೋಡೆಯ ಪಕ್ಕವೇ ಆಗಬೇಕು, ನಡುಮನೆಯಲ್ಲಲ್ಲ. ಒಂದೆರಡು ಬಿದ್ದವೆಂದು ನಿಲ್ಲಿಸಬೇಡಿ. ಮೂರು ವಾರ ಬಸಿರು, ಒಂದೊಂದು ಸಲಕ್ಕೆ ಆರೆಂಟು ಮರಿ.

ಸೀರೆ ಹೋದರೆ ಹೋಯಿತು, ಕಾಯಿಲೆಯ ಮಾತು ಬೇರೆ. ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. 1898ರಲ್ಲಿ ಬೆಂಗಳೂರನ್ನೇ ಅದು ನಡುಗಿಸಿತ್ತು. ಈಗ ಹೆದರಬೇಕಾದ್ದು ಇಲಿ ಜ್ವರಕ್ಕೆ. ಇಲಿಯ ಉಚ್ಚೆ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೂ ಬರಬಹುದು. ಹಾಗಾಗಿ ಹಿಕ್ಕೆಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ. ಪಾತ್ರೆಗಳನ್ನು ರಾತ್ರಿ ಬೋರಲು ಹಾಕಿ, ಮುಸುರೆ ಹಾಗೇ ಬಿಡಬೇಡಿ.

ಸಿಕ್ಕಿದ ಇಲಿಯನ್ನು ಏನು ಮಾಡುವುದೆಂಬ ಜಗಳ ಮಾತ್ರ ನಮ್ಮಲ್ಲಿ ಮುಗಿದಿಲ್ಲ. ನಮ್ಮ ಮನೆಯವರು ಬೋನನ್ನು ಸೈಕಲ್ಲಿಗೆ ಕಟ್ಟಿಕೊಂಡು ಕೆರೆಯ ಆಚೆ ಬಿಟ್ಟು ಬರುತ್ತಾರೆ. ಪಕ್ಕದ ಮನೆಯವರು ನಮ್ಮ ಬೀದಿಯ ಮೋರಿಗೇ ಬಿಡುತ್ತಾರೆಂದು ಅತ್ತೆಗೆ ಗುಮಾನಿ. ಕಳೆದ ತಿಂಗಳು ಬಿದ್ದದ್ದು ಎರಡು. ಬೋನಿಗೆ ಕೊಬ್ಬರಿ ಚೂರು ಹಾಕುವ ಕೆಲಸ ಈಗ ನನ್ನ ಓರಗಿತ್ತಿಯದು.